ಅರ್ಧ ಹೆಜ್ಜೆ ಹಿಂದೆ

ಏಳು ಬೆಟ್ಟದ ಈಚೆಗೆ, ಎಂಟನೆಯ ಬೆಟ್ಟ ಇನ್ನೂ ಹುಟ್ಟಿರದಿದ್ದ ಕಾಲಕ್ಕೆ, ಒಂದು ಊರಿತ್ತಂತೆ. ಊರಿಗೊಂದು ಕೋಟೆ, ಕೋಟೆಗೊಂದು ಹೆಬ್ಬಾಗಿಲು, ಹೆಬ್ಬಾಗಿಲಿಗೆ ಕದ ಮಾತ್ರ ಇಲ್ಲ. ಹಲಸಿನ ಹಲಗೆ ಕೂರಿಸಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು, ಕಬ್ಬಿಣ ಜಡಿದರೆ ಸಂಜೆಯೊಳಗೆ ತುಕ್ಕು. ಬಡಗಿಗಳೂ ಕಮ್ಮಾರರೂ ಕೈಚೆಲ್ಲಿದ ಮೇಲೆ ರಾಜ ಡಂಗುರ ಹೊಡೆಸಿದ: ಕದದ ಜಾಗದಲ್ಲಿ ನಿಲ್ಲುವವರು ಯಾರಾದರೂ ಇದ್ದಾರೆಯೇ? ಒಬ್ಬ ಹುಡುಗಿ ಬಂದು ನಿಂತಳಂತೆ. ಬಾಣ ಬಂದರೆ ಬಾಣ ಹಿಡಿದಳು, ಬೆಂಕಿಯ ಉಂಡೆ ಬಂದರೆ ಉಂಡೆ ಹಿಡಿದಳು, ಬಿರುಗಾಳಿ ಬಂದಾಗ ಅದನ್ನೂ ಸೆರಗಿನಲ್ಲಿ ಗಂಟು ಕಟ್ಟಿ ಆಚೆಗೆ ಎಸೆದಳು. ಅವಳು ನಿಂತಿರುವ ತನಕ ಊರಿಗೆ ಒಳ್ಳೆಯ ನಿದ್ದೆ.

ಕತೆ ಹಳೆಯದೇನಲ್ಲ. ನಯನಳ ಅಜ್ಜಿ ಸೀತಕ್ಕ ಇದನ್ನು ಕಟ್ಟಿದ್ದು ಹೋದ ವರ್ಷ, ಮೊಮ್ಮಗಳು ಆಡುವುದನ್ನು ಫೋನಿನಲ್ಲಿ ಮೊದಲ ಸಲ ನೋಡಿದ ದಿನ. "ಅಷ್ಟೂ ಜನ ಓಡ್ತಾರೆ, ನೀನೊಬ್ಳು ಮಾತ್ರ ಸುಮ್ನೆ ನಿಂತಿದ್ದೀಯಲ್ಲೇ. ನಿಂಗೆ ಓಡಕ್ಕೆ ಬರಲ್ವಾ?" ಎಂದು ಅಜ್ಜಿ ಕೇಳಿದ್ದಳು. "ನಾನು ಗೋಲ್‌ಕೀಪರ್ ಅಜ್ಜಿ. ಆ ಎರಡು ಕಂಬದ ನಡುವೆ ಬಾಲ್ ಹೋಗದ ಹಾಗೆ ನೋಡ್ಕೋಬೇಕು." ಅಜ್ಜಿ ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿ, "ಅಂದ್ರೆ ಕದ," ಎಂದಿದ್ದಳು. ಆ ರಾತ್ರಿಯೇ ಕತೆ ಸಿದ್ಧವಾಗಿತ್ತು. ಪಿಯುಸಿ ಓದುವ ಹುಡುಗಿಗೆ ಯಾರಾದರೂ ಕತೆ ಹೇಳುತ್ತಾರೆಯೇ ಎಂದು ಅಮ್ಮ ನಕ್ಕರೂ ನಯನ ಹೂಂಗುಟ್ಟುತ್ತಾ ಕೇಳಿದ್ದಳು. ಆ ಹುಡುಗಿ ತಾನೇ ಎಂಬುದರಲ್ಲಿ ಅವಳಿಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಜನವರಿಯಿಂದೀಚೆಗೆ ಅಜ್ಜಿಗೆ ಗೊತ್ತಿಲ್ಲದ ಒಂದು ಸಾಲು ಆ ಕತೆಗೆ ಸೇರಿಕೊಂಡಿತ್ತು: ಒಂದು ದಿನ ಹುಡುಗಿಯ ಕೈಯಲ್ಲಿದ್ದುದೇ ಊರೊಳಗೆ ಹೋಯಿತು, ಯಾರೂ ನೋಡಲಿಲ್ಲ, ಊರೆಲ್ಲ ಅವಳಿಗೆ ಹಾರ ಹಾಕಿತು.

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೊರಟ ಸರ್ಕಾರಿ ಬಸ್ಸಿನ ಕಿಟಕಿಯ ಪಕ್ಕ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಕುಳಿತಾಗಲೂ ಅದೇ ಸಾಲು ತಿರುತಿರುಗಿ ಬರುತ್ತಿತ್ತು. ಏಪ್ರಿಲ್ಲಿನ ಬಿಸಿಲು ಎಂಟು ಗಂಟೆಗೇ ಬಸ್ಸಿನ ತಗಡನ್ನು ಕಾಯಿಸಿತ್ತು. ತನ್ನೂರು ಕಡಹಿನಬೈಲಿನಿಂದ ಮೊದಲ ಬಸ್ಸು ಹಿಡಿದು, ಪೇಟೆಯಲ್ಲಿ ಇಳಿದು, ಇದನ್ನು ಹತ್ತಿದ್ದಳು. ಕಂಡಕ್ಟರು ಅವಳ ಬ್ಯಾಗನ್ನು ಬೆರಳಿನಿಂದ ತಟ್ಟಿ, "ಎಂತ ಮಾರಾಯ್ತಿ ಇದು, ಹಲಸಿನ ಹಣ್ಣಾ?" ಎಂದ. "ಬಾಲ್." "ಹಂಗಾದ್ರೆ ಅದಕ್ಕೂ ಟಿಕೆಟ್ ಆಗ್ಬೇಕು." "ಹೆಂಗಸರಿಗೆ ಫ್ರೀ ಅಲ್ವಾ? ಇದೂ ಹೆಣ್ಣೇ." "ಆಧಾರ್ ಕಾರ್ಡ್ ತೋರ್ಸು ಹಂಗಾದ್ರೆ ಅದರದ್ದು," ಎಂದು ಅವನು ಮುಂದೆ ಹೋದಾಗ ಹಿಂದಿನ ಸೀಟಿನ ಹೆಂಗಸರು ಬಾಯ್ತುಂಬ ನಕ್ಕರು. ನಯನಳೂ ನಕ್ಕಳು. ನಗು ಸಲೀಸಾಗಿಯೇ ಬಂತು. ಅದೇ ಅವಳಿಗೆ ವಿಚಿತ್ರವೆನಿಸುತ್ತಿದ್ದುದು. ತಪ್ಪು ಮಾಡಿದವರಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ ಎಂದು ಅಜ್ಜಿಯ ಕತೆಗಳಲ್ಲೆಲ್ಲ ಇತ್ತು. ಅವಳಿಗೆ ಎರಡೂ ಚೆನ್ನಾಗಿಯೇ ಆಗುತ್ತಿದ್ದವು. ಇವತ್ತು ತಾನು ಆಯ್ಕೆಯಾಗುತ್ತೇನೆ ಎಂಬುದು, ಈ ಬಸ್ಸು ಕೊಪ್ಪ ತಲುಪುತ್ತದೆ ಎಂಬಷ್ಟೇ ಸಹಜವಾಗಿ ಅವಳಿಗೆ ಗೊತ್ತಿತ್ತು. ಘಟ್ಟದ ಕೆಳಗಿನ ಕಾಲೇಜೊಂದು ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತಿತ್ತು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ, ಈ ಮೂರು ತಾಲ್ಲೂಕುಗಳಿಗೆ ಎರಡೇ ಸೀಟು. ಹಾಸ್ಟೆಲ್ಲು, ಓದು, ದಿನಾ ಎರಡು ಹೊತ್ತು ಅಭ್ಯಾಸ, ನಿಜವಾದ ಹುಲ್ಲಿನ ಮೈದಾನ. ಸಿಗದಿದ್ದರೆ ಊರಿನ ಹತ್ತಿರದ ಡಿಗ್ರಿ ಕಾಲೇಜು. ಅಲ್ಲಿ ಹುಡುಗಿಯರಿಗೆ ಥ್ರೋಬಾಲ್ ಮಾತ್ರ, ಅದೂ ಕಾಲೇಜು ಡೇಯ ಹಿಂದಿನ ವಾರ. ಫುಟ್‌ಬಾಲ್ ಅಲ್ಲಿಗೆ ಮುಗಿದ ಹಾಗೆ.

ಕೈಗಳನ್ನು ಬಿಡಿಸಿ ನೋಡಿಕೊಂಡಳು. ಅಗಲವಾದ ಅಂಗೈ, ಬೆರಳ ಬುಡದಲ್ಲಿ ಒರಟು. ಈ ಕೈ ಅಪ್ಪನ ನೇಣು, ಅಂದರೆ ಗೊನೆ ಇಳಿಸುವ ಹಗ್ಗ, ಹಿಡಿದ ಕೈ. ಅಪ್ಪ ರಾಜೇಶ ಅಡಿಕೆ ಮರ ಹತ್ತುವ ಕೊನೆಗಾರ. ತಮ್ಮ ಅರ್ಧ ಎಕರೆಯದೂ, ಕಡಹಿನಬೈಲಿನ ಸುತ್ತಿನ ತೋಟದವರದೂ ಕೊಯ್ಲು ಅವನದೇ. ಮರದ ತುದಿಯಲ್ಲಿ ಕುಳಿತು ಅಪ್ಪ ಗೊನೆ ಕೊಯ್ದು ಹಗ್ಗಕ್ಕೆ ಸಿಕ್ಕಿಸಿ ಬಿಟ್ಟರೆ ಅದು ಸುಯ್ಯೆಂದು ಜಾರಿ ಬರುತ್ತದೆ, ಕೆಳಗೆ ಹಗ್ಗದ ಕೊನೆ ಹಿಡಿದು ನಿಂತವಳ ಎದೆಗೇ. ಹನ್ನೆರಡನೆಯ ವಯಸ್ಸಿಗೆ ಅವಳು ಆ ಜಾಗದಲ್ಲಿ ನಿಂತಿದ್ದಳು. ಮೊದಲ ಗೊನೆ ಅವಳನ್ನು ಮಗುಚಿ ಹಾಕಿತ್ತು. ಮೇಲಿನಿಂದ ಅಪ್ಪನ ದನಿ ಬಂದಿತ್ತು: "ಎದುರು ಕೊಟ್ಟು ನಿಲ್ಲಬೇಡ ಕೂಸೇ! ಅದು ಬಂದ ಹಾಗೆ ನೀನೂ ಅರ್ಧ ಹೆಜ್ಜೆ ಹಿಂದೆ ಹೋಗು. ಗಟ್ಟಿ ನಿಂತ್ರೆ ಅಡಿಕೆ ಉದುರ್ತದೆ, ಕೈಯೂ ಉಳುಕ್ತದೆ." ಆ ಸಂಜೆಯ ಹೊತ್ತಿಗೆ ಅವಳ ಕಾಲು ಅದನ್ನು ಕಲಿತಿತ್ತು. ಹಿಡಿ, ಎದೆಗೆ ಒತ್ತು, ಬಲಗಾಲು ಅರ್ಧ ಹೆಜ್ಜೆ ಹಿಂದೆ. ಐದು ಕೊಯ್ಲಿನಲ್ಲಿ ಎಷ್ಟು ಸಾವಿರ ಗೊನೆಯೋ, ಒಂದು ಅಡಿಕೆ ನೆಲಕ್ಕೆ ಬೀಳದಂತೆ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು ಯಜ್ಞೇಶ ಸಾರ್ ಅವಳನ್ನು ಗೋಲಿನಲ್ಲಿ ನಿಲ್ಲಿಸಿ ಮೊದಲ ಚೆಂಡು ಒದ್ದಾಗ ಅದು ಎಷ್ಟು ಹಗುರ ಎನ್ನಿಸಿತ್ತು! ಹೂವಿನ ಚೆಂಡು. ಸಾರ್ ಬಾಯಿಂದ ಸೀಟಿ ಜಾರಿಬಿದ್ದಿತ್ತು. "ಎಲ್ಲಿದ್ದೆ ನೀನು ಇಷ್ಟು ದಿನ?" ಎಂದಿದ್ದರು. "ತೋಟದಲ್ಲಿ ಸಾರ್."

ಬಸ್ಸು ತಿರುವಿನಲ್ಲಿ ವಾಲಿದಾಗ ಅವಳ ಪಾದ ತಾನಾಗಿ ನೆಲವನ್ನು ಒತ್ತಿ ಹಿಂದಕ್ಕೆ ಸರಿಯಿತು, ಮತ್ತು ಅವಳು ಪುನಃ ಆ ಮೈದಾನದಲ್ಲಿದ್ದಳು. ಜನವರಿ, ಸಂಜೆ ನಾಲ್ಕೂವರೆ, ಎನ್.ಆರ್. ಪುರ, ಮೂರು ತಾಲ್ಲೂಕಿನ ಫೈನಲ್. ಗೋಲಿಗೆ ನೆಟ್ ಇರಲಿಲ್ಲ, ಎರಡು ಕಂಬ, ಮೇಲೊಂದು ಬೊಂಬು. ಸುಣ್ಣದಲ್ಲಿ ಎಳೆದ ಗೆರೆ ಆಟಗಾರ್ತಿಯರ ಕಾಲಿಗೆ ಸಿಕ್ಕಿ ಅಲ್ಲಲ್ಲಿ ಅಳಿಸಿತ್ತು. ನಯನಳ ತಂಡದವರು ಶೃಂಗೇರಿಯವರ ಮೇಲೆ ಒಂದು-ಸೊನ್ನೆ ಮುಂದಿದ್ದರು. ಐದು ನಿಮಿಷ ಉಳಿದಿತ್ತು. ಶೃಂಗೇರಿ ತಂಡದಲ್ಲಿದ್ದ, ಕೆರೆಕಟ್ಟೆಯಿಂದ ಬಂದ ತೆಳ್ಳನೆಯ ಹುಡುಗಿ ಅರ್ಪಿತಾ ಇಬ್ಬರನ್ನು ದಾಟಿ ಒದ್ದ ಚೆಂಡು ಅವತ್ತಿನ ಚೆಂಡುಗಳಲ್ಲಿ ಒಂದೇ ಒಂದು, ಗೊನೆಯ ಹಾಗೆ ಬಂದದ್ದು. ಭಾರವಾಗಿ, ತಿರುಗುತ್ತಾ, ಸೀದಾ ಎದೆಗೆ. ನಯನ ಹಿಡಿದಳು. ಎದೆಗೆ ಒತ್ತಿದಳು. ಬಲಗಾಲು ಹೋಯಿತು. ಅದನ್ನು ಹಿಂಬಾಲಿಸಿ ಎಡಗಾಲೂ. ಇಡೀ ಮೈದಾನ "ಹಿಡಿದ್ಲು!" ಎಂದು ಕೂಗಿತು. ತಲೆ ತಗ್ಗಿಸಿ ನೋಡಿದಾಗ ಸುಣ್ಣದ ಗೆರೆ ಅವಳ ಬೂಟಿನ ಮುಂದೆ ಒಂದು ಗೇಣಿಗೂ ಆಚೆ ಇತ್ತು. ಅವಳು, ಚೆಂಡು, ಚೆಂಡನ್ನು ಅಪ್ಪಿದ ಕೈ, ಎಲ್ಲ ಗೋಲಿನ ಒಳಗೆ. ಯಾವ ಚಡಪಡಿಕೆಯೂ ಇಲ್ಲದೆ ಅವಳು ಎರಡು ಹೆಜ್ಜೆ ಮುಂದೆ ಬಂದು ಚೆಂಡನ್ನು ದೂರಕ್ಕೆ ಒದ್ದಳು. ಹಿಂದೆ ಹೋದದ್ದು ಕಾಲಿನ ಅಭ್ಯಾಸ, ಅದಕ್ಕೆ ಅವಳು ಹೊಣೆಯಲ್ಲ. ಮುಂದೆ ಬಂದ ಎರಡು ಹೆಜ್ಜೆ ಮಾತ್ರ ಅವಳವೇ. ಯಜ್ಞೇಶ ಸಾರ್ ಅವತ್ತು ರೆಫರಿ. ನಡುಗೆರೆಯ ಹತ್ತಿರದಿಂದ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದವರು ಹೆಬ್ಬೆರಳು ಎತ್ತಿ ತೋರಿಸಿದ್ದರು.

ಆಟ ಮುಗಿದು ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ ಬೆನ್ನ ಹಿಂದೆ ಅರ್ಪಿತಾ ಬಂದು ನಿಂತಿದ್ದಳು. ಮೊಣಕಾಲು ಕೆಮ್ಮಣ್ಣಾಗಿತ್ತು.

"ಒಳಗೆ ಹೋಗಿತ್ತು."

"ಯಾವ್ದು?"

"ಎಂತ ಯಾವ್ದು? ನಿನ್ನ ಬೆನ್ನು ಕಂಬಕ್ಕಿಂತ ಆ ಕಡೆ ಇತ್ತು. ಬಾಲ್ ನಿನ್ನ ಎದೆ ಮೇಲಿತ್ತು. ನಿಂಗೆ ಎದೆ ಒಂದೂರಲ್ಲಿ, ಬೆನ್ನು ಒಂದೂರಲ್ಲಿ ಇರ್ತದಾ?"

ನಯನಳಿಗೆ ನಗು ಬಂದುಬಿಟ್ಟಿತ್ತು. ಅರ್ಪಿತಾ ನಗಲಿಲ್ಲ. ಅವಳ ಕಣ್ಣು ಕೋಪದ್ದೂ ಅಲ್ಲ, ಅಳುವಿನದೂ ಅಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೊಡುವುದನ್ನು ಮರೆತವನ ಎದುರು ಸುಮ್ಮನೆ ಕೈ ಚಾಚಿ ನಿಂತವಳ ಕಣ್ಣು. "ಹೌದು," ಎಂದಳು ನಯನ. "ಹೋಗಿತ್ತು. ಸಾರ್‌ಗೆ ಹೇಳ್ತೀನಿ. ಈಗ್ಲೇ ಹೇಳ್ತೀನಿ, ಬಾ."

"ಈಗ ಬೇಡ. ನಾನಿದ್ದಾಗ ಹೇಳಿದ್ರೆ, ಸೋತವಳು ಅತ್ತೂ ಕರೆದೂ ಹೇಳಿಸಿದ್ಲು ಅಂತಾರೆ. ನಾನಿಲ್ದೇ ಇರೋವಾಗ ಹೇಳು. ಗುಟ್ಟಲ್ಲಿ ಅಲ್ಲ ಮತ್ತೆ, ನಾಲ್ಕು ಜನ ಕೇಳೋ ಹಂಗೆ."

"ಆಣೆ."

"ಆಣೆ ಎಂತಕ್ಕೆ, ಬಾಯಿದ್ರೆ ಸಾಕು," ಎಂದು, ಉಪ್ಪಿಟ್ಟಿನ ಪ್ಲೇಟನ್ನು ನಯನಳ ಕೈಗೇ ಕೊಟ್ಟು ಓಡಿದ್ದಳು. ಬಸ್ಸು ಹೊರಡುತ್ತಿತ್ತು, ಕೆರೆಕಟ್ಟೆಯ ಕಡೆಗೆ ಅದರ ನಂತರ ಇನ್ನೊಂದಿರಲಿಲ್ಲ. ನಯನ ಎರಡೂ ಪ್ಲೇಟಿನ ಉಪ್ಪಿಟ್ಟು ತಿಂದಿದ್ದಳು. ಅದು ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಗೋಲಿಗಿಂತ ಹೆಚ್ಚು ಆ ಎರಡನೆಯ ಪ್ಲೇಟು.

ಹೇಳುವ ದಿನಗಳೇನು ಕಡಿಮೆ ಇರಲಿಲ್ಲ. ಮಾರನೆಯ ದಿನ ಕಾಲೇಜಿನ ಪ್ರಾರ್ಥನೆಯಲ್ಲಿ ಗೆದ್ದ ಕಪ್ಪನ್ನು ಕೈಗೆ ಕೊಟ್ಟು ನಿಲ್ಲಿಸಿದಾಗ ನಾಲ್ಕಲ್ಲ, ನಾನ್ನೂರು ಜನರಿದ್ದರು. ಯುವಕ ಸಂಘದವರು ಶಾಲು ಹೊದಿಸಿದಾಗ ಮೈಕೇ ಕೈಗೆ ಬಂದಿತ್ತು. "ಎಲ್ಲರಿಗೂ ಧನ್ಯವಾದಗಳು" ಎಂದು ವಾಪಸ್ಸು ಕೊಟ್ಟಿದ್ದಳು. ಶಾಲು ಕುತ್ತಿಗೆಗೆ ಕೆರೆಯುತ್ತಿತ್ತು. ಅಜ್ಜಿ ಅದನ್ನು ಮಡಚಿ ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟು, ಹಾಲು ಕೊಳ್ಳಲು ಬಂದವರಿಗೆಲ್ಲ ತೆಗೆದು ತೋರಿಸಿದ್ದಳು. ಫೆಬ್ರವರಿಯಲ್ಲಿ ಘಟ್ಟದ ಕೆಳಗಿನ ಕಾಲೇಜಿನವರ ಪತ್ರ ಬಂತು: ಕಪ್ಪು ಗೆದ್ದ ತಂಡದವರನ್ನು ಮಾತ್ರ ಏಪ್ರಿಲ್ಲಿನಲ್ಲಿ ಕೊಪ್ಪದಲ್ಲಿ ನೋಡುತ್ತಾರಂತೆ. ಮಾತ್ರ. ಆ ಒಂದು ಪದವನ್ನು ಅವಳು ಎಷ್ಟೋ ಸಲ ಓದಿದಳು. ಅರ್ಪಿತಾಳ ನಂಬರನ್ನು ಶೃಂಗೇರಿಯ ಗೆಳತಿಯೊಬ್ಬಳಿಂದ ಪಡೆದು ಒತ್ತುವುದು, ಕೆರೆಕಟ್ಟೆಯ ಕಡೆ ನೆಟ್‌ವರ್ಕ್ ಇಲ್ಲ ಎಂದು ಫೋನು ಹೇಳಿದಾಗ ಹಗುರಾಗುವುದು, ಹಗುರಾದದ್ದಕ್ಕೆ ನಾಚುವುದು ನಡೆಯಿತು. ಒಮ್ಮೆ ರಿಂಗ್ ಆದಾಗ ಕಟ್ ಮಾಡಿದಳು. ಕೂಡಲೇ ಮೆಸೇಜ್ ಬಂತು: 'ಯಾರು?' ಉತ್ತರ ಬರೆಯಲಿಲ್ಲ. ತನಗೆ ಆ ಸುಳ್ಳಿನ ಅಗತ್ಯವೇ ಇರಲಿಲ್ಲ ಎಂಬುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸುತ್ತಿತ್ತು. ಗೋಲು ಕೊಟ್ಟಿದ್ದರೆ ಒಂದು-ಒಂದು ಆಗುತ್ತಿತ್ತು, ಪೆನಾಲ್ಟಿಗೆ ಹೋಗುತ್ತಿತ್ತು, ಪೆನಾಲ್ಟಿಯಲ್ಲಿ ತನ್ನನ್ನು ದಾಟಿಸುವವರು ಈ ಮೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ತನ್ನದೇ ಆಗಬೇಕಿದ್ದುದನ್ನು ತಾನೇ ಕದ್ದ ಹಾಗಾಗಿತ್ತು.

ಕೊಪ್ಪದ ಮೈದಾನದಲ್ಲಿ ಆಗಲೇ ಒಂಬತ್ತು ಹುಡುಗಿಯರು ಸೇರಿದ್ದರು, ಎಲ್ಲ ತನ್ನ ತಂಡದವರೇ. ಆ ಕಾಲೇಜಿನ ಕೋಚ್ ದೇವಕಿ ಮೇಡಂ ಕುಳ್ಳಗೆ, ಗಟ್ಟಿಯಾಗಿ, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಮಾತು ಕಡಿಮೆ. ಯಜ್ಞೇಶ ಸಾರ್ ಇಸ್ತ್ರಿ ಮಾಡಿದ ಟ್ರ್ಯಾಕ್ ಪ್ಯಾಂಟಿನಲ್ಲಿ ಮದುಮಗನ ತಂದೆಯ ಹಾಗೆ ಓಡಾಡುತ್ತಾ, "ಇವಳೇ ಮೇಡಂ, ನಾನು ಫೋನಲ್ಲಿ ಹೇಳಿದ್ನಲ್ಲ, ನಮ್ಮ ಕಡಹಿನಬೈಲಿನ ಗೋಡೆ," ಎಂದು ಪರಿಚಯಿಸಿದರು. ದೇವಕಿ ಮೇಡಂ ಅವಳ ಮುಖ ನೋಡಲಿಲ್ಲ, ಕೈ ನೋಡಿದರು. "ಗ್ಲೌಸ್ ಹಾಕು. ಇಪ್ಪತ್ತು ಬಾಲ್," ಎಂದರು.

ಗ್ಲೌಸ್ ಹಾಕಿಕೊಂಡ ಕ್ಷಣ ತಲೆಯೊಳಗಿನ ಸದ್ದೆಲ್ಲ ನಿಂತಿತು. ಹೀಗೇ ಆಗುತ್ತಿತ್ತು ಯಾವಾಗಲೂ. ಎರಡು ಕಂಬದ ನಡುವೆ ನಿಂತರೆ ಅವಳಿಗೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ; ಒದೆಯುವವಳ ಸೊಂಟ ಯಾವ ಕಡೆ ತಿರುಗುತ್ತದೆ ಅಷ್ಟೇ. ಮರದ ತುದಿಯಲ್ಲಿ ಅಪ್ಪನ ಭುಜ ಅಲ್ಲಾಡುವುದನ್ನು ನೋಡಿಯೇ ಗೊನೆ ಯಾವಾಗ ಹೊರಡುತ್ತದೆ ಎಂದು ತಿಳಿದ ಹಾಗೆ. ಮೊದಲ ಚೆಂಡು ಎಡಕ್ಕೆ, ಹಿಡಿದಳು. ಎರಡನೆಯದು ನೆಲಕ್ಕೆ, ಮಲಗಿ ಹಿಡಿದಳು. ಏಳನೆಯದು ಮೇಲಿನ ಮೂಲೆಗೆ; ಬೆರಳ ತುದಿಯಿಂದ ಹೊರಗೆ ಕಳಿಸಿ, ಬಿದ್ದ ಜಾಗದಿಂದ ಏಳುತ್ತಾ ಅವಳಿಗೆ ಜೋರಾಗಿ ಹಾಡಬೇಕೆನ್ನಿಸಿತು. ಒದೆಯುತ್ತಿದ್ದ ಹುಡುಗಿಯರು, "ಒಂದಾದ್ರೂ ಬಿಡೇ ಮಾರಾಯ್ತಿ, ನಮ್ಮನ್ನೂ ನೋಡಕ್ಕೆ ಬಂದಿದ್ದಾರೆ," ಎಂದು ಕೂಗಿದರು. ಹನ್ನೆರಡು, ಹದಿಮೂರು. ಎದೆಗೆ ಬಂದ ಹದಿನಾರನೆಯದನ್ನು ಹಿಡಿದಾಗ ಕಂಬದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ ದೇವಕಿ ಮೇಡಂ ಕೈ ಎತ್ತಿ ನಿಲ್ಲಿಸಿದರು. ಅವರು ಇಷ್ಟು ಹೊತ್ತೂ ನೋಡುತ್ತಿದ್ದುದು ಚೆಂಡನ್ನಲ್ಲ, ಅವಳ ಬೂಟನ್ನು.

"ಕೈ ಬಂಗಾರದ್ದು. ಕಾಲಿಗೆ ಎಂತ ಆಗ್ತದೆ ನಿಂಗೆ?" ಎಂದರು. "ಎದೆಗೆ ಬಂದದ್ದನ್ನೆಲ್ಲ ಹಿಡಿದು ಹಿಂದೆ ಹೋಗ್ತಿ. ಯಾರು ಕಲಿಸಿದ್ದು?"

"ಅಪ್ಪ, ಮೇಡಂ." ಹಗ್ಗದ ಮೇಲೆ ಜಾರಿ ಬರುವ ಗೊನೆಯ ವಿಷಯ ಹೇಳಿದಳು, ಗಟ್ಟಿ ನಿಂತರೆ ಅಡಿಕೆ ಉದುರುವುದನ್ನು ಹೇಳಿದಳು. ದೇವಕಿ ಮೇಡಂ ನಕ್ಕರು. ಅದರಲ್ಲಿ ಗೇಲಿಯಿರಲಿಲ್ಲ, ಹೊಸ ಹಣ್ಣಿನ ರುಚಿ ನೋಡಿದವರ ನಗು. "ಬಾಲಿನಿಂದ ಎಂತದೂ ಉದುರುದಿಲ್ಲ ಮಾರಾಯ್ತಿ. ಅದನ್ನು ಬಿಡಿಸ್ಬಹುದು, ಒಂದು ತಿಂಗಳ ಕೆಲಸ." ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡು, ಹವಾಮಾನ ಕೇಳಿದಷ್ಟು ಸಾದಾ ದನಿಯಲ್ಲಿ ಕೇಳಿದರು: "ಹೀಗೆ ಹಿಂದೆ ಹೋಗಿ ಯಾವತ್ತಾದ್ರೂ ಗೋಲ್ ತಿಂದದ್ದು ಉಂಟಾ?"

ಅವಳು ಬಾಯಿ ತೆರೆಯುವ ಮೊದಲೇ ಯಜ್ಞೇಶ ಸಾರ್ ಬಂದುಬಿಟ್ಟರು. "ಛೇ ಛೇ! ಇಡೀ ಟೂರ್ನಮೆಂಟಲ್ಲಿ ಒಂದೂ ಗೋಲ್ ಬಿಟ್ಟಿಲ್ಲ ಮೇಡಂ. ನಾನೇ ರೆಫರಿ. ಕಣ್ಣಾರೆ ನೋಡಿದ್ದೀನಿ."

ದೇವಕಿ ಮೇಡಂ ಬರೆಯತೊಡಗಿದರು. ಅದು 'ಇಲ್ಲ' ಎಂಬ ಪದವೇ ಇರಬೇಕು. ಎಷ್ಟು ಸುಲಭ, ಎಂದುಕೊಂಡಳು ನಯನ. ಈ ಸಲ ಅವಳು ಎರಡು ಹೆಜ್ಜೆ ಮುಂದೆ ಬರುವುದೂ ಬೇಕಿರಲಿಲ್ಲ, ಸುಮ್ಮನೆ ನಿಂತರೆ ಆಯಿತು. ಸುಳ್ಳು ಅವಳದಲ್ಲ, ಸಾರ್‌ದು. ಸಾರ್‌ದು ಕೂಡ ಸುಳ್ಳಲ್ಲ, ಅವರಿಗೆ ಕಂಡದ್ದು. ಹೇಳಿದರೆ ಆ ಕಪ್ಪಿಗೆ ಏನಾಗುತ್ತದೆ, ಅಲ್ಲಿ ನಡುಗೆರೆಯ ಹತ್ತಿರ ಸಾಲಾಗಿ ನಿಂತು ಜಡೆ ಬಿಗಿದುಕೊಳ್ಳುತ್ತಿರುವ ಒಂಬತ್ತು ಹುಡುಗಿಯರಿಗೆ ಏನಾಗುತ್ತದೆ, ತನ್ನ ಆಟವನ್ನೇ ಹೊಗಳಿ ಹೊಗಳಿ ಗಂಟಲು ಒಣಗಿಸಿಕೊಂಡ ಸಾರ್ ಯಾರ ಮುಖ ನೋಡಬೇಕು? ದೇವಕಿ ಮೇಡಂ ಎದ್ದು ಧೂಳು ಕೊಡವಿ, 'ಇಂಥವಳು ನಮಗೆ ಬೇಡ' ಎಂದರೆ? ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಎಲ್ಲವೂ ಭಾರವಾಗಿಯೇ ಇದ್ದವು, ಆದರೆ ಹಿಡಿಯಲಾರದಷ್ಟು ಯಾವುದೂ ಇರಲಿಲ್ಲ. ಇದು ಅವಳಿಗೇ ಆಶ್ಚರ್ಯ ತಂದಿತು. ಮೂರು ತಿಂಗಳು ಯಾವುದಕ್ಕೆ ಹೆದರಿದ್ದೆ? ಅರ್ಪಿತಾ ಈ ಹೊತ್ತು ಕೆರೆಕಟ್ಟೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಬರುತ್ತಿರಬಹುದು, ಅಥವಾ ಗೋಡೆಗೆ ಚೆಂಡು ಒದೆಯುತ್ತಿರಬಹುದು, ಇವತ್ತು ಕೊಪ್ಪದಲ್ಲಿ ಯಾರೋ ಯಾರನ್ನೋ ಆರಿಸುತ್ತಿದ್ದಾರೆ ಎಂಬುದೇ ಗೊತ್ತಿಲ್ಲದೆ.

"ಒಂದು ತಿಂದಿದ್ದೀನಿ," ಎಂದಳು.

ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಯಜ್ಞೇಶ ಸಾರ್ ನಗುತ್ತಾ, "ಪ್ರಾಕ್ಟೀಸಲ್ಲಿ ತಿಂದಿರ್ತಾಳೆ ಮೇಡಂ, ಪ್ರಾಕ್ಟೀಸಲ್ಲಿ ಯಾರು ತಿನ್ನಲ್ಲ," ಎಂದರು.

"ಪ್ರಾಕ್ಟೀಸಲ್ಲಿ ಅಲ್ಲ ಸಾರ್. ಫೈನಲ್‌ನಲ್ಲಿ."

"ಎಂತ?"

ಮೈದಾನದ ಪಕ್ಕದ ರಸ್ತೆಯಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದು ಏರು ಹತ್ತಲಾರದೆ ಗೋಳಿಡುತ್ತಿತ್ತು. ಸಾರ್ ಕಿವಿಗೆ ಕೈ ಹಿಡಿದು ಬಗ್ಗಿದರು. ಈಗ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಬಹುದಿತ್ತು. ಸಾರ್ ಒಬ್ಬರಿಗೆ, ಮೆಲ್ಲಗೆ, ಮಾನ ಉಳಿಯುವ ಹಾಗೆ. ಸಾರ್ ಅದನ್ನು ಅಷ್ಟೇ ಮೆಲ್ಲಗೆ ಎಲ್ಲಾದರೂ ಹೂಳುತ್ತಿದ್ದರು. ನಾಲ್ಕು ಜನ ಕೇಳೋ ಹಂಗೆ, ಎಂದಿದ್ದಳು ಅರ್ಪಿತಾ. ಇಲ್ಲಿ ಇಬ್ಬರೇ ಇದ್ದರು. ನಯನ ಗ್ಲೌಸ್ ಹಾಕಿದ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದಳು. ಆಟದಲ್ಲಿ ಮುಂದಿನವರಿಗೆ ಜಾಗ ಹೇಳಿಕೊಡುವಾಗ ಅವಳು ಕೂಗುವ ಕೂಗು ಒಂದಿತ್ತು, ಹೊಟ್ಟೆಯ ಬುಡದಿಂದ ಬರುವಂಥದ್ದು, ಕಡಹಿನಬೈಲಿನ ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುವಂಥದ್ದು. ಆ ಕೂಗಿನಲ್ಲಿ ಕೂಗಿದಳು.

"ಫೈನಲ್‌ನಲ್ಲಿ ಬಾಲ್ ಒಳಗೆ ಹೋಗಿತ್ತು ಸಾರ್! ನಾನು ಹಿಡಿದುಕೊಂಡೇ ಒಳಗೆ ಹೋಗಿದ್ದೆ, ನೋಡಿದ್ದೆ, ಹೇಳಲಿಲ್ಲ! ಕೆರೆಕಟ್ಟೆ ಅರ್ಪಿತಾ ಹೊಡೆದಿದ್ದು! ಗೋಲ್! ಗೋಲಾಗಿತ್ತು!"

ಲಾರಿ ಅಷ್ಟರಲ್ಲಿ ಏರು ದಾಟಿಬಿಟ್ಟಿತ್ತು. ಹಾಗಾಗಿ ಕೊನೆಯ ಮಾತು ಖಾಲಿ ಮೈದಾನದಲ್ಲಿ ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡದಾಗಿ ಹರಡಿತು. ನಡುಗೆರೆಯಲ್ಲಿ ಜಡೆ ಬಿಗಿಯುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ಒಬ್ಬಳು ಚೆಂಡಿನ ಮೇಲೆಯೇ ಕುಳಿತುಬಿಟ್ಟಳು. ಯಜ್ಞೇಶ ಸಾರ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ದೂರ ನೋಡುತ್ತಿದ್ದರು. ದೇವಕಿ ಮೇಡಂ ಬರೆದ ಪದದ ಮೇಲೆ ಅಡ್ಡಗೆರೆ ಎಳೆದು, "ಕೆರೆಕಟ್ಟೆ ಅಂದ್ರೆ ಶೃಂಗೇರಿಯಿಂದ ಎಷ್ಟು ದೂರ?" ಎಂದು ಇನ್ಯಾರನ್ನೋ ಕೇಳುವಂತೆ ಕೇಳಿದರು, ಮತ್ತೆ ಬೂಟುಗಳ ಕಡೆಗೇ ನೋಡುತ್ತಾ, "ಇನ್ನು ನಾಲ್ಕು ಬಾಲ್ ಉಂಟು. ಹೋಗಿ ನಿಲ್ಲು," ಎಂದರು.

ನಯನ ಹೋಗಿ ನಿಂತಳು.